777 ಹೊಡೆದೆ, ಬಾಗಿಲು ಮುಚ್ಚಿತು

ಸೆಕ್ಯುರಿಟಿ ಕಲಿಯಲು ಹೊರಟವರು ಮೊದಲು ಮಾಡುವುದನ್ನೇ ನಾನೂ ಮಾಡಿದೆ. ಭದ್ರತೆ ಪರೀಕ್ಷಿಸುವ ಸಲಕರಣೆಗಳನ್ನೇ ತುಂಬಿಕೊಂಡ ಕಾಲಿ ಲಿನಕ್ಸ್ ಇಳಿಸಿಕೊಂಡು ವರ್ಚುವಲ್ ಮಷೀನಿಗೆ, ಅಂದರೆ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರಿಗೆ, ಹಾಕಿದೆ. ಪಕ್ಕದಲ್ಲೇ ಎಬ್ಬಿಸಿದ್ದ ಇನ್ನೊಂದು ಮಷೀನಿನ ಮೇಲೆ, ತೆರೆದ ಪೋರ್ಟುಗಳನ್ನು (ನೆಟ್‌ವರ್ಕ್ ಬಾಗಿಲುಗಳನ್ನು) ಹುಡುಕುವ ಎನ್‌ಮ್ಯಾಪ್ ಓಡಿಸಿದಾಗ '22, ಓಪನ್, ಎಸ್‌ಎಸ್‌ಎಚ್' ಎಂಬ ಸಾಲು ಬಂತು (ಎಸ್‌ಎಸ್‌ಎಚ್ ಅಂದರೆ ದೂರದಿಂದ ಲಾಗಿನ್ ಆಗುವ ದಾರಿ). ಬಂತು ನಿಜ, ಅದರಿಂದ ಏನು ತಿಳಿಯಬೇಕು ಅನ್ನುವುದೇ ಗೊತ್ತಾಗಲಿಲ್ಲ. ಕೆಲವು ದಿನ ಒದ್ದಾಡಿ ಕಾಲಿಯನ್ನು ಬದಿಗಿಟ್ಟೆ. ಡೆಸ್ಕ್‌ಟಾಪ್ ಕೂಡ ಇಲ್ಲದ ಬರೀ ಡೆಬಿಯನ್ ಲಿನಕ್ಸ್ ಹಾಕಿ ಕೂತೆ. ಕಾಲಿಯನ್ನು ಕಟ್ಟಿರುವುದೂ ಡೆಬಿಯನ್ ಮೇಲೆಯೇ, ಹಾಗಾಗಿ ಕಲಿತದ್ದು ದಂಡವಾಗುವ ಭಯವಿರಲಿಲ್ಲ.

ಕರ್ನಲ್, ಶೆಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ನಾವು ಕಮಾಂಡ್ ಬರೆದು ಮಾತಾಡುವುದು ಶೆಲ್ ಜೊತೆ. ಕೇಳಿದ್ದನ್ನು ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವುದು 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಬರೆಯಲು ಶುರುಮಾಡಿದ ಆ ಕರ್ನಲ್, ಅಂದರೆ ಲಿನಕ್ಸಿನ ತಿರುಳು. ಶುರುವಿಗೆ ಇಷ್ಟು ಸಾಕು.

ನಿಜವಾದ ಆಟ ಇರುವುದು ಪರ್ಮಿಷನ್‌ಗಳಲ್ಲಿ, ಅಂದರೆ ಯಾವ ಫೈಲಿಗೆ ಯಾರು ಏನು ಮಾಡಬಹುದು ಅನ್ನುವುದರಲ್ಲಿ. ಓದಲು 4, ಬರೆಯಲು 2, ಓಡಿಸಲು 1. ಇವನ್ನು ಮಾಲೀಕ, ಗ್ರೂಪು, ಉಳಿದವರು ಅಂತ ಮೂರು ಸಲ ಕೂಡಿಸಿ ಬರೆದರೆ 644, 755 ಥರದ ಸಂಖ್ಯೆ ಆಗುತ್ತದೆ: 6 ಅಂದರೆ 4+2, 7 ಅಂದರೆ ಮೂರೂ. ಈಟಿಸಿ ಡೈರೆಕ್ಟರಿಯಲ್ಲಿ ಶ್ಯಾಡೋ ಅಂತ ಒಂದು ಫೈಲಿದೆ. ಪಾಸ್‌ವರ್ಡ್‌ಗಳ ಹ್ಯಾಶ್, ಅಂದರೆ ಹಿಂದಕ್ಕೆ ಬಿಡಿಸಲಾಗದಂತೆ ಅರೆದ ರೂಪ, ಇರುವುದು ಅಲ್ಲೇ. ಅದಕ್ಕೆ ಬರೆಯಲು ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಿಗೆ ಮಾತ್ರ ಅನುಮತಿ. ಆದರೂ ಸಾಮಾನ್ಯ ಬಳಕೆದಾರನಾದ ನಾನು ನನ್ನ ಪಾಸ್‌ವರ್ಡ್ ಬದಲಿಸಿದೆ, ಬದಲಾಯಿತು! ಇದು ಹೇಗೆ? ಪಾಸ್‌ವರ್ಡ್ ಬದಲಿಸುವ ಆ ಪ್ರೋಗ್ರಾಮಿನ ಪರ್ಮಿಷನ್ ತೆಗೆದು ನೋಡಿದರೆ ಮಾಲೀಕನ 'ಎಕ್ಸ್' (ಓಡಿಸುವ ಅನುಮತಿ) ಇರಬೇಕಾದಲ್ಲಿ 'ಎಸ್' ಕೂತಿತ್ತು. ಅದೇ ಸೆಟ್‌ಯುಐಡಿ. ಓಡಿಸುವವರು ಯಾರೇ ಆಗಲಿ, ಅದು ಓಡುವುದು ಮಾಲೀಕನ ಹೆಸರಲ್ಲಿ, ಅಂದರೆ ಇಲ್ಲಿ ರೂಟ್ ಹೆಸರಲ್ಲಿ. ಒಳಹೊಕ್ಕ ಕಳ್ಳನೂ ಮೊದಲು ಹುಡುಕುವುದು ಇಂಥ ಫೈಲುಗಳನ್ನೇ. ಫೈಂಡ್ ಕಮಾಂಡಿಗೆ ಸೆಟ್‌ಯುಐಡಿಯ ಗುರುತಾದ 4000 ಅನ್ನುವ ಪರ್ಮಿಷನ್ ಕೊಟ್ಟು ಹುಡುಕಿದಾಗ ನನ್ನಲ್ಲಿ ಹತ್ತು-ಹನ್ನೆರಡು ಸಿಕ್ಕವು. ಒಂದೊಂದೂ ಯಾಕಿದೆ ಅಂತ ಮ್ಯಾನ್ ಪುಟ (ಕಮಾಂಡಿನ ಕೈಪಿಡಿ) ತೆಗೆದು ಓದಿದೆ. ಆ ಒಂದು ಸಂಜೆ ಕಲಿತಷ್ಟನ್ನು ಯಾವ ವಿಡಿಯೋವೂ ಕಲಿಸಲಿಲ್ಲ.

ಇಷ್ಟೆಲ್ಲ ತಿಳಿದೂ ಎಡವಿದೆ. ಒಂದು ಸ್ಕ್ರಿಪ್ಟ್ ನನ್ನ ಹೋಮ್ ಡೈರೆಕ್ಟರಿಯಲ್ಲಿ ಬರೆಯಲಾಗದೆ ನಿಲ್ಲುತ್ತಿತ್ತು. ಸಿಟ್ಟಲ್ಲಿ ಇಡೀ ಹೋಮ್‌ಗೆ, ಒಳಗಿನ ಫೈಲುಗಳೂ ಸೇರಿ, ಪರ್ಮಿಷನ್ ಬದಲಿಸುವ ಸಿಎಚ್‌ಮಾಡ್ ಕಮಾಂಡಿನಿಂದ 777 ಹೊಡೆದೆ. ಸ್ಕ್ರಿಪ್ಟ್ ಓಡಿತು. ಮಾರನೇ ದಿನ, ಪಾಸ್‌ವರ್ಡ್ ಬದಲು ಬಳಸುವ ಎಸ್‌ಎಸ್‌ಎಚ್ ಕೀ ಹಿಡಿದು ಹೋದರೆ 'ಪರ್ಮಿಷನ್ ಡಿನೈಡ್'. ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟಿದ್ದೇನೆ, ನನಗೇ ಇಲ್ಲವೆ? ಕನ್ಸೋಲಿನಿಂದ ಒಳಗೆ ಹೋಗಿ ಲಾಗ್ ತೆಗೆದೆ: 'ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್', ಅಂದರೆ ಮಾಲೀಕತ್ವ ಅಥವಾ ಪರ್ಮಿಷನ್ ಸರಿಯಿಲ್ಲ. ನನ್ನ ಡೈರೆಕ್ಟರಿಯಲ್ಲಿ ಯಾರು ಬೇಕಾದರೂ ಬರೆಯಬಹುದಾದರೆ ಯಾರು ಬೇಕಾದರೂ ತಮ್ಮ ಕೀಯನ್ನು ಅಲ್ಲಿ ಸೇರಿಸಬಹುದು. ಅದಕ್ಕೇ ಸರ್ವರ್ ನನ್ನ ಕೀಯನ್ನೂ ನಂಬಲಿಲ್ಲ. ಅದು ಮಾಡಿದ್ದೇ ಸರಿ.

ಹೋಮ್‌ಗೆ 755, ಎಸ್‌ಎಸ್‌ಎಚ್ ಡೈರೆಕ್ಟರಿಗೆ 700, ಕೀ ಪಟ್ಟಿಗೆ 600 ಕೊಟ್ಟ ಮೇಲೆ ಬಾಗಿಲು ತೆರೆಯಿತು. ಮಿಕ್ಕ ಫೈಲುಗಳ ಹಳೆಯ ಪರ್ಮಿಷನ್ ಮಾತ್ರ ಎಲ್ಲೂ ಉಳಿದಿರಲಿಲ್ಲ. ಸಿಎಚ್‌ಮಾಡ್‌ಗೆ ಅನ್‌ಡೂ ಇಲ್ಲ. ಒಂದೊಂದೇ ಗುಂಪು ನೋಡಿ ಸರಿಮಾಡುವಷ್ಟರಲ್ಲಿ ಅರ್ಧ ದಿನ ಹೋಯಿತು. ಅಂದಿನಿಂದ, ಕಮಾಂಡನ್ನು ರೂಟ್ ಅಧಿಕಾರದಲ್ಲಿ ಓಡಿಸುವ ಸುಡೊ ಬರೆಯುವಾಗಲೂ ಎರಡು ಸಲ ಯೋಚಿಸುತ್ತೇನೆ. ಹೆಸರಲ್ಲೇ 'ಸುಡು' ಇದೆಯಲ್ಲ!

ಎರಡು ತಿಂಗಳ ಮೇಲೆ ಕಾಲಿಯನ್ನು ಮತ್ತೆ ತೆರೆದು, ಅದೇ ನನ್ನ ಡೆಬಿಯನ್ ಮಷೀನಿನ ಮೇಲೆ ಎನ್‌ಮ್ಯಾಪ್ ಓಡಿಸಿದೆ. 22, ಓಪನ್, ಎಸ್‌ಎಸ್‌ಎಚ್. ಆ ಬಾಗಿಲ ಹಿಂದೆ ಯಾರು ಕೂತಿದ್ದಾರೆ, ಯಾವ ಫೈಲು ಓದುತ್ತಾರೆ, ಏನು ಕಂಡರೆ ಒಳಗೆ ಬಿಡುವುದಿಲ್ಲ ಅನ್ನುವುದು ಈ ಸಲ ಗೊತ್ತಿತ್ತು.