ಅಗಲಿದ ಬೆನೆ ಇಸ್ರೇಲ್ ನೆರೆಹೊರೆಯವರ ಬದುಕನ್ನು ಬರೆದಿಡುವ ಬಗೆ

ಬೆಳಗಾವಿಯ ಕ್ಯಾಂಪಿನಲ್ಲೋ, ವಿಜಯಪುರ ಇಲ್ಲವೆ ಬಾಗಲಕೋಟೆಯ ರೈಲ್ವೆ ಕ್ವಾರ್ಟರ್ಸಿನಲ್ಲೋ ಬೆಳೆದ ಹಿರಿಯರನ್ನು ಸಾವಧಾನವಾಗಿ ಮಾತಿಗೆಳೆದರೆ, ಮನೆಯಲ್ಲಿ ಮರಾಠಿ ಆಡುತ್ತಿದ್ದ, ಶನಿವಾರ ಒಲೆ ಹಚ್ಚದಿದ್ದ, ಬಾಗಿಲ ಚೌಕಟ್ಟಿಗೆ ಬೆರಳುದ್ದದ ಕೊಳವೆಯೊಂದನ್ನು ಬಡಿದುಕೊಂಡಿದ್ದ ಕುಟುಂಬವೊಂದರ ನೆನಪು ಕೆಲವರಿಂದಾದರೂ ಹೊರಬರುತ್ತದೆ. ಅವರು ಕೊಂಕಣ ಕರಾವಳಿಯ ಯೆಹೂದಿಗಳು. ತಮ್ಮನ್ನು ಬೆನೆ ಇಸ್ರೇಲ್, ಅಂದರೆ ಇಸ್ರೇಲನ ಮಕ್ಕಳು, ಎಂದು ಕರೆದುಕೊಳ್ಳುವವರು. ನಮ್ಮ ಈ ಮೂರು ಜಿಲ್ಲೆಗಳ ಬಹುಪಾಲು ನೆಲ 1956ರವರೆಗೆ ಮುಂಬೈ ಆಡಳಿತಕ್ಕೆ ಸೇರಿದ್ದರಿಂದ, ಆ ಆಡಳಿತದ ಸೈನ್ಯ, ರೈಲು, ಅಂಚೆ, ಆಸ್ಪತ್ರೆಗಳ ನೌಕರಿಯಲ್ಲಿದ್ದವರಿಗೆ ಇತ್ತ ವರ್ಗವಾಗುವುದು ಸಹಜವಾಗಿತ್ತು. 1948ರ ನಂತರ ಬೆನೆ ಇಸ್ರೇಲರಲ್ಲಿ ಬಹಳಷ್ಟು ಜನ ಇಸ್ರೇಲಿಗೆ ಹೋದರು. ಇಲ್ಲಿಯೇ ತೀರಿಕೊಂಡವರ ಬದುಕನ್ನು ಬಲ್ಲವರು ಈಗ ಹೆಚ್ಚಾಗಿ ಅವರ ನೆರೆಹೊರೆಯವರಾಗಿದ್ದ ನಾವೇ. ಆ ಬದುಕುಗಳನ್ನು ತಪ್ಪಿಲ್ಲದೆ, ಗೌರವದಿಂದ ಬರೆದಿಡುವುದು ಹೇಗೆ ಎಂಬುದನ್ನು, ಕೆಲವು ವರ್ಷಗಳಿಂದ ಈ ಕೆಲಸದಲ್ಲಿ ತೊಡಗಿರುವ ನನ್ನ ಅನುಭವದ ಮೇಲೆ ಇಲ್ಲಿ ವಿವರಿಸುತ್ತೇನೆ.

ಮೊದಲು ಹೆಸರನ್ನು ಸರಿಪಡಿಸಿಕೊಳ್ಳಬೇಕು. ನಾನು ಬರೆದ ಮೊದಲ ಟಿಪ್ಪಣಿ ನಮ್ಮ ಓಣಿಯಲ್ಲಿದ್ದ ಒಬ್ಬ ನರ್ಸ್ ಬಾಯಿಯವರ ಕುರಿತಾಗಿತ್ತು. ಓಣಿಯವರೆಲ್ಲ ಕರೆಯುತ್ತಿದ್ದ ಹೆಸರನ್ನೇ ನಾನು ಬರೆದೆ. ಅದನ್ನು ಓದಿದ ಅವರ ಮಗಳು, ಅದು ಮನೆಯ ಮುದ್ದಿನ ಹೆಸರು ಮಾತ್ರ, ಆಸ್ಪತ್ರೆಯ ದಾಖಲೆಯಲ್ಲಿದ್ದದ್ದು ಬೇರೆ, ಪ್ರಾರ್ಥನೆಯಲ್ಲಿ ಅವರನ್ನು ನೆನೆಯುವುದು ಮತ್ತೊಂದು ಹೆಸರಿನಿಂದ ಎಂದು ತಿಳಿಸಿದರು. ತಾಯಿಯನ್ನು ಕುರಿತ ಬರಹದಲ್ಲಿ ತಾಯಿಯ ಹೆಸರನ್ನೇ ಕಾಣದ ಮಗಳ ನೋವನ್ನು ನಾನು ಇಂದಿಗೂ ಮರೆತಿಲ್ಲ. ಆದ್ದರಿಂದ ಪ್ರತಿಯೊಬ್ಬರಿಗೂ ಮೂರು ಹೆಸರುಗಳಿಗೆ ಸ್ಥಳ ಬಿಡಿ: ಮನೆಯಲ್ಲಿ ಕರೆದದ್ದು, ಕಚೇರಿಯ ಕಾಗದದಲ್ಲಿದ್ದದ್ದು, ತಂದೆಯ ಹೆಸರಿನೊಂದಿಗೆ ಹೇಳುವ ಹೀಬ್ರೂ ಹೆಸರು. ಹೀಬ್ರೂ ಹೆಸರಿನಲ್ಲಿ ಗಂಡಿಗೆ 'ಬೆನ್', ಹೆಣ್ಣಿಗೆ 'ಬತ್' ಎಂಬ ಪದ ಸೇರುತ್ತದೆ; ಇಂಥವರ ಮಗ, ಇಂಥವರ ಮಗಳು ಎಂದು ಅರ್ಥ.

ಒಬ್ಬನೇ ವ್ಯಕ್ತಿ ಎರಡು ಹೆಸರಿನಲ್ಲಿ ಸಿಕ್ಕಾಗ ಇಬ್ಬರೆಂದು ತಿಳಿಯುವ ಅಪಾಯವೂ ಇದೆ. ಟಿಪ್ಪೂ ಸುಲ್ತಾನರ ಸೆರೆಯಿಂದ ಬಿಡುಗಡೆ ಹೊಂದಿ, 1796ರಲ್ಲಿ ಮುಂಬೈಯ ಮೊದಲ ಸಿನಗಾಗ್ (ಯೆಹೂದಿಗಳ ಪ್ರಾರ್ಥನಾ ಮಂದಿರ) ಕಟ್ಟಿಸಿದರೆಂದು ಹೇಳಲಾಗುವ ಬೆನೆ ಇಸ್ರೇಲ್ ಸೈನಿಕ ಸ್ಯಾಮ್ಯುಯೆಲ್ ಎಝೆಕಿಯಲ್ ದಿವೇಕರ್ ಅವರು ಸಾಮಾಜಿ ಹಸಾಜಿ ದಿವೇಕರ್ ಎಂತಲೂ ಪ್ರಸಿದ್ಧರು. ಬೈಬಲ್ಲಿನ ಹೆಸರು ಮರಾಠಿಯ ಬಾಯಲ್ಲಿ ತಿರುಗಿದಾಗ ಹೀಗಾಗುತ್ತದೆ. ಅಡ್ಡಹೆಸರು ಮಾತ್ರ ಬಹಳ ನೆರವಾಗುತ್ತದೆ, ಏಕೆಂದರೆ ಅದು ಸಾಮಾನ್ಯವಾಗಿ ಕೊಂಕಣದ ಒಂದು ಹಳ್ಳಿಯ ಹೆಸರಿಗೆ 'ಕರ್' ಸೇರಿ ಆದದ್ದು; ಪೇಣಿನವರು ಪೇಣಕರ್, ರೋಹೆಯವರು ರೋಹೇಕರ್. ಬೆಳಗಾಂವಕರ, ನಿಪ್ಪಾಣಿಕರ ಎಂಬ ಹೆಸರುಗಳ ನಡುವೆ ಬೆಳೆದ ನಮಗೆ ಇದು ಹೊಸದಲ್ಲ. ಅಡ್ಡಹೆಸರಿನ ಹಿಂದಿರುವ ಊರನ್ನು ಗುರುತಿಸಿ ಬರೆದರೆ, ಅಲಿಬಾಗ್ ಸಮೀಪದ ನವಗಾಂವದಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ಉಳಿದರೆಂಬ ಸಮುದಾಯದ ಪರಂಪರಾಗತ ಕಥೆಯೊಂದಿಗೂ, ಎಣ್ಣೆಯ ಗಾಣ ನಡೆಸುತ್ತಿದ್ದು ಶನಿವಾರ ಕೆಲಸ ಬಿಡುತ್ತಿದ್ದ ಕಾರಣ 'ಶನಿವಾರ ತೇಲಿ' ಎನಿಸಿಕೊಂಡ ಅವರ ಹಿರಿಯರೊಂದಿಗೂ ಆ ವ್ಯಕ್ತಿಯ ಎಳೆ ಕೂಡಿಕೊಳ್ಳುತ್ತದೆ.

ಹೆಸರಿನ ನಂತರ ತೀರಿಕೊಂಡ ದಿನ. ಯೆಹೂದಿ ಕುಟುಂಬಗಳು ವಾರ್ಷಿಕ ಸ್ಮರಣೆಯನ್ನು ಹೀಬ್ರೂ ಪಂಚಾಂಗದ ದಿನಕ್ಕೆ ಆಚರಿಸುತ್ತವೆ. ನಾವು ತಿಥಿ ನೋಡಿ ಪುಣ್ಯತಿಥಿ ಮಾಡುವಂತೆಯೇ ಇದು. ಅವರದೂ ಚಾಂದ್ರಮಾನದ ತಿಂಗಳುಗಳು, ಅವರಿಗೂ ಅಧಿಕ ಮಾಸವುಂಟು, 19 ವರ್ಷಗಳಲ್ಲಿ 7 ಬಾರಿ. ಆದರೆ ಅವರ ದಿನ ಸೂರ್ಯಾಸ್ತದಿಂದ ಆರಂಭವಾಗುತ್ತದೆ. ಆದ್ದರಿಂದ ಸಾವು ಹಗಲಿನಲ್ಲಾಯಿತೋ ಹೊತ್ತು ಮುಳುಗಿದ ಮೇಲಾಯಿತೋ ಎಂಬುದನ್ನು ಕೇಳಲೇಬೇಕು. ಉದಾಹರಣೆಗೆ, ನಮ್ಮ ರಾಜ್ಯ ಉದಯವಾದ 1956ರ ನವೆಂಬರ್ 1ರ ಹಗಲು ಹೀಬ್ರೂ ಲೆಕ್ಕದಲ್ಲಿ 5717ರ ಹೆಶ್ವಾನ್ ತಿಂಗಳ 27ನೆಯ ದಿನ. ಅದೇ ರಾತ್ರಿ ಎಂಟಕ್ಕೆ ತೀರಿಕೊಂಡವರ ದಿನ 28 ಆಗುತ್ತದೆ. ವರ್ಷವನ್ನು ಅಂದಾಜಿಗೆ ತಿಳಿಯಲು ನಮ್ಮ ಇಸವಿಗೆ 3760 ಕೂಡಿಸಬೇಕು. ಸೆಪ್ಟೆಂಬರ್ ಇಲ್ಲವೆ ಅಕ್ಟೋಬರಿನಲ್ಲಿ ಬರುವ ಅವರ ಹೊಸ ವರ್ಷ ಕಳೆದಿದ್ದರೆ 3761. ಅಧಿಕ ಮಾಸ ಬಂದ ವರ್ಷ ಅದಾರ್ ಎಂಬ ತಿಂಗಳು ಎರಡು ಸಲ ಬರುವುದರಿಂದ, ಅದಾರ್‌ನಲ್ಲಿ ತೀರಿಕೊಂಡವರನ್ನು ಅಂಥ ವರ್ಷ ಯಾವ ಅದಾರ್‌ನಲ್ಲಿ ನೆನೆಯಬೇಕೆಂಬುದನ್ನು ನೀವೇ ನಿರ್ಧರಿಸದೆ ಕುಟುಂಬದ ಪದ್ಧತಿಗೆ ಬಿಡಿ.

ಗೋರಿಯ ಕಲ್ಲು ದೊರೆತರೆ ಈ ಲೆಕ್ಕವನ್ನು ಅಲ್ಲಿಯೇ ತಾಳೆ ನೋಡಬಹುದು. ಬೆನೆ ಇಸ್ರೇಲರ ಕಲ್ಲುಗಳಲ್ಲಿ ಹೀಬ್ರೂ, ಮರಾಠಿ, ಇಂಗ್ಲಿಷ್ ಮೂರೂ ಕಾಣಸಿಗುತ್ತವೆ. ಹೀಬ್ರೂ ಅಕ್ಷರಗಳೇ ಅಂಕಿಗಳೂ ಆಗಿದ್ದು, ಐದು ಸಾವಿರವನ್ನು ಸಾಮಾನ್ಯವಾಗಿ ಬಿಟ್ಟು ಉಳಿದದ್ದನ್ನಷ್ಟೇ ಕೆತ್ತುತ್ತಾರೆ. ತಾವ್ 400, ಶಿನ್ 300, ಯೋದ್ 10, ಝಯಿನ್ 7. ಈ ನಾಲ್ಕು ಅಕ್ಷರಗಳು ಬಲದಿಂದ ಎಡಕ್ಕೆ ಕೂಡಿದರೆ 717, ಅಂದರೆ ಮೇಲೆ ಹೇಳಿದ 5717. ಕಲ್ಲಿನ ತಲೆಯಲ್ಲಿರುವ ಎರಡು ಅಕ್ಷರಗಳು 'ಇಲ್ಲಿ ಹೂಳಲಾಗಿದೆ' ಎಂಬುದರ ಸಂಕ್ಷೇಪ. ಕೊನೆಯಲ್ಲಿ ಬರುವ ಐದು ಅಕ್ಷರಗಳು, ಇವರ ಪ್ರಾಣವು ಜೀವದ ಗಂಟಿನಲ್ಲಿ ಕಟ್ಟಿರಲಿ ಎಂಬ ಹಾರೈಕೆ. ಅದರ ಮೂಲ ಬೈಬಲ್ಲಿನ ಸಮುವೇಲನ ಮೊದಲನೆಯ ಪುಸ್ತಕದಲ್ಲಿದೆ. ನಮ್ಮಲ್ಲಿ ವೀರಗಲ್ಲು, ಶಾಸನಗಳನ್ನು ಓದುವಾಗ ಸುಣ್ಣವನ್ನೋ ಹಿಟ್ಟನ್ನೋ ತಿಕ್ಕುವ ರೂಢಿ ಕೆಲವರಿಗಿದೆ. ಅದನ್ನು ಇಲ್ಲಿ ಮಾಡಬೇಡಿ, ಆಸಿಡ್ ಹಾಗೂ ತಂತಿಯ ಬ್ರಷ್ ಸಂಪೂರ್ಣ ವರ್ಜ್ಯ. ಬಾದಾಮಿ ಕಡೆಯ ಮರಳುಗಲ್ಲು ಪದರು ಪದರಾಗಿ ಏಳುತ್ತದೆ, ಅಮೃತಶಿಲೆಯ ಅಕ್ಷರಗಳು ಮಳೆಗೆ ಸವೆಯುತ್ತವೆ. ಬೆಳಿಗ್ಗೆ ಓರೆ ಬಿಸಿಲು ಬಿದ್ದಾಗ, ಇಲ್ಲವೆ ಕನ್ನಡಿಯೊಂದರಿಂದ ಬೆಳಕನ್ನು ಪಕ್ಕಕ್ಕೆ ಹಾಯಿಸಿ, ಫೋಟೋ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಚಿತ್ರ ಎಡ-ಬಲ ತಿರುಗಿ ಅಚ್ಚಾಗದಂತೆ ನೋಡಿಕೊಳ್ಳಿ.

ಗೋರಿಯ ಬಳಿಗೆ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಹೋಗಬೇಡಿ. ಹೂವಿನ ಹಾರದ ಬದಲು ಒಂದು ಸಣ್ಣ ಕಲ್ಲನ್ನು ಇಡುವುದು ಅವರ ರೂಢಿ. ಜೊತೆಗೆ ಬಂದ ಸಂಬಂಧಿಕರಲ್ಲಿ ಒಬ್ಬರು ಗೇಟಿನ ಹೊರಗೇ ನಿಂತರೆ ಅದು ಉದಾಸೀನವಲ್ಲ: ಕೋಹೆನ್, ಅಂದರೆ ಪುರೋಹಿತ ವಂಶದವರು, ಸ್ಮಶಾನದಿಂದ ದೂರವಿರುವ ನಿಯಮವಿದೆ.

ಇನ್ನು ಬದುಕಿನ ಮಾತು. ಕಲ್ಲು ಹುಟ್ಟು-ಸಾವುಗಳನ್ನು ಹೇಳುತ್ತದೆ, ನಡುವಿನದನ್ನು ಜನರಿಂದಲೇ ಕೇಳಬೇಕು. ಇದು ಈ ಕೆಲಸದ ಅತ್ಯಂತ ಸಮೃದ್ಧವಾದ ಭಾಗ, ಅತ್ಯಂತ ತುರ್ತಿನದೂ ಹೌದು, ಏಕೆಂದರೆ ಹೇಳಬಲ್ಲವರಿಗೆ ಈಗ ಎಂಬತ್ತರ ಆಸುಪಾಸು. "ಅವರ ಬಗ್ಗೆ ಹೇಳಿ" ಎಂದರೆ ಬಹುತೇಕ ಎಲ್ಲರೂ "ಭಾಳ ಒಳ್ಳೇ ಮಂದಿ ಇದ್ರು" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಬದಲಿಗೆ ಕೈಗೆ ಸಿಗುವಂಥದ್ದನ್ನು, ಅವರ ಮಾತಿನಲ್ಲಿಯೇ ಕೇಳಬೇಕು: "ಅಕ್ಕೋರು ಸಾಲಿಗೆ ಯಾವ ದಾರೀಲೆ ಬರ್ತಿದ್ರು?", "ಮಾಂವಶಿಯವರು ನಿಮ್ಮನಿಗೆ ಬಂದ್ರ ಎಲ್ಲಿ ಕೂಡತಿದ್ರು?", "ಅವರ ಮನಿಯಿಂದ ಹಬ್ಬಕ್ಕ ಏನು ಕೊಟ್ಟು ಕಳಸ್ತಿದ್ರು?" ಇಂಥ ಒಂದು ಪ್ರಶ್ನೆಗೆ ಉತ್ತರವಾಗಿ, ರಾತ್ರಿಪಾಳಿ ಮುಗಿಸಿ ಬಂದು ಓಣಿಯ ಮಕ್ಕಳ ಉಗುರು ಕತ್ತರಿಸುತ್ತ ಕಟ್ಟೆಯ ಮೇಲೆ ಕೂಡುತ್ತಿದ್ದ ಆ ನರ್ಸ್ ಬಾಯಿಯವರ ಚಿತ್ರ ನನಗೆ ದೊರೆಯಿತು. ಅವರ ನೌಕರಿಯ ಇಸವಿಗಳಿಗಿಂತ ಅವರನ್ನು ಹೆಚ್ಚು ತಿಳಿಸಿದ್ದು ಅದೇ.

ತಿನಿಸಿನ ನೆನಪುಗಳನ್ನು ಮಾತ್ರ ಪರೀಕ್ಷಿಸಿ ಬರೆಯಿರಿ. ಬೆನೆ ಇಸ್ರೇಲರು ಪ್ರವಾದಿ ಎಲಿಯನ ಹೆಸರಿನಲ್ಲಿ ಹರಕೆ, ಮದುವೆ, ಗೃಹಪ್ರವೇಶಗಳಿಗೆ ಮಲಿದಾ ಮಾಡುತ್ತಾರೆ. ನಮ್ಮ ಕಡೆ ಮಲೀದಾ ಎಂದರೆ ಮೊಹರಮ್ಮಿಗೂ ದರ್ಗಾಗಳಿಗೂ ಒಯ್ಯುವ, ರೊಟ್ಟಿ ಅಥವಾ ಚಪಾತಿಯನ್ನು ಪುಡಿಮಾಡಿ ಬೆಲ್ಲ ಬೆರೆಸಿದ ಸಿಹಿ. ಅವರದು ನೆನೆಸಿದ ಅವಲಕ್ಕಿಗೆ ಸಕ್ಕರೆ, ಹಸಿ ತೆಂಗಿನ ತುರಿ, ಒಣಹಣ್ಣು ಬೆರೆಸಿ, ಸುತ್ತ ಹಣ್ಣುಗಳನ್ನು ಜೋಡಿಸಿಟ್ಟದ್ದು. ಹೇಳುವವರು ಎರಡನ್ನೂ ಒಂದೇ ಎಂದುಕೊಂಡಿರಬಹುದು. "ಅದರಾಗ ಅವಲಕ್ಕಿ ಇತ್ತೋ ರೊಟ್ಟಿ ಇತ್ತೋ?" ಎಂದು ಕೇಳಿದರೆ ಸಾಕು.

ಕದ್ದಿಶ್ ಹೇಳಿದವರು ಯಾರು, ಎಲ್ಲಿ ಎಂಬುದನ್ನೂ ಕುಟುಂಬದಿಂದ ತಿಳಿದು ದಾಖಲಿಸಿ. ಕದ್ದಿಶ್ ಎಂಬುದು ತಂದೆಯೋ ತಾಯಿಯೋ ತೀರಿಕೊಂಡಾಗ ಮಕ್ಕಳು ಹನ್ನೊಂದು ತಿಂಗಳು ಹೇಳುವ ಪ್ರಾರ್ಥನೆ. ಬಹುಪಾಲು ಅರಾಮಿಕ್ ಭಾಷೆಯಲ್ಲಿರುವ ಅದರಲ್ಲಿ ಸಾವಿನ ಮಾತೇ ಇಲ್ಲ, ದೇವರ ಮಹಿಮೆಯಷ್ಟೇ ಇದೆ. ಅದನ್ನು ಹೇಳಲು ಹತ್ತು ಮಂದಿ ವಯಸ್ಕರು, ಸಂಪ್ರದಾಯದಂತೆ ಗಂಡಸರು, ಕೂಡಬೇಕು. ಒಂದೆರಡು ಮನೆಗಳಷ್ಟೇ ಇದ್ದ ಊರಿನಲ್ಲಿ ಹತ್ತು ಜನ ಎಲ್ಲಿಂದ ಬರಬೇಕು? ತಂದೆಗಾಗಿ ಆ ಪ್ರಾರ್ಥನೆ ಹೇಳಲು ಮಗ ರೈಲು ಹತ್ತಿ ಪುಣೆಗೋ ಮುಂಬೈಗೋ ಹೋಗಿದ್ದರೆ, ಆ ಪ್ರಯಾಣವೂ ತಂದೆಯ ಜೀವನಕಥೆಗೆ ಸೇರತಕ್ಕದ್ದು.

ಕಾಗದಪತ್ರಗಳ ವಿಷಯದಲ್ಲಿ ನನ್ನದು ಒಂದೇ ಕಳಕಳಿಯ ಬೇಡಿಕೆ: ಹಳೆಯ ಮನೆ ಖಾಲಿ ಮಾಡುವಾಗ ಹೀಬ್ರೂ ಅಕ್ಷರದ ಒಂದು ಹಾಳೆಯನ್ನೂ ರದ್ದಿಗೆ ಹಾಕಬೇಡಿ. ದೇವರ ಹೆಸರಿರುವ ಬರಹವನ್ನು ಯೆಹೂದಿಗಳು ಎಸೆಯುವುದಿಲ್ಲ. ಗೆನಿಝಾ ಎಂಬ ಜಾಗದಲ್ಲಿ ಕೂಡಿಟ್ಟು ಮುಂದೆ ಹೂಳುತ್ತಾರೆ. ಈ ಪದ್ಧತಿಯಿಂದಲೇ ಕೈರೋದ ಸಿನಗಾಗ್ ಒಂದರಲ್ಲಿ ಉಳಿದುಬಂದ ಕಾಗದಗಳಿಂದ, ಹನ್ನೆರಡನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ವರ್ಷಾನುಗಟ್ಟಲೆ ನೆಲೆಸಿ ವ್ಯಾಪಾರ ಮಾಡಿದ, ಹಿತ್ತಾಳೆ ಸಾಮಾನು ಮಾಡಿಸುತ್ತಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಅವರ ಬದುಕು ತಿಳಿದುಬಂದಿದೆ. ಅವರು 1132ರಲ್ಲಿ ದಾಸ್ಯದಿಂದ ಬಿಡಿಸಿದ ಆಶು ಎಂಬ ಹೆಣ್ಣುಮಗಳ ಹೆಸರೂ, ಬೊಮ್ಮ ಎಂದು ಓದಲಾಗಿರುವ ಅವರ ಆಳಿನ ಹೆಸರೂ ಅಲ್ಲಿಯೇ ಉಳಿದಿವೆ. ಸಾಮಾನುಗಳ ಪಟ್ಟಿ, ಲೆಕ್ಕದ ಚೀಟಿಗಳಿಂದ ಇಷ್ಟು ದೊರೆಯುವುದಾದರೆ, ನಮ್ಮ ಓಣಿಯ ಟ್ರಂಕಿನಲ್ಲಿರುವ ಪ್ರಾರ್ಥನಾ ಪುಸ್ತಕದ ಒಳರಟ್ಟಿನಲ್ಲಿ ಬರೆದ ಹುಟ್ಟು-ಮದುವೆಗಳ ದಿನಾಂಕಗಳು ಎಷ್ಟು ಅಮೂಲ್ಯವೆಂಬುದನ್ನು ಯೋಚಿಸಿ. ಹಳೆಯ ಪತ್ರಗಳು ಮೋಡಿ ಎಂಬ ಮರಾಠಿಯ ಹಳೆಯ ಕೂಡಕ್ಷರದ ಲಿಪಿಯಲ್ಲಿದ್ದರೆ ಹೆದರಬೇಕಾಗಿಲ್ಲ. ಬೆಳಗಾವಿಯಲ್ಲಿ ಮೋಡಿ ಓದಬಲ್ಲ ಹಿರಿಯರು ವಿಚಾರಿಸಿದರೆ ಸಿಗುತ್ತಾರೆ.

ಸರಕಾರಿ ದಾಖಲೆಗಳಲ್ಲಿ ಮಹಾನಗರಪಾಲಿಕೆ, ನಗರಸಭೆ ಮತ್ತು ದಂಡುಮಂಡಳಿಯ ಜನನ-ಮರಣ ನೋಂದಣಿ ಪುಸ್ತಕಗಳನ್ನು ಮೊದಲು ನೋಡಿ. 1956ಕ್ಕಿಂತ ಹಿಂದಿನ ನೌಕರಿಯ ವಿವರಗಳಿಗೆ ಮುಂಬೈ, ಪುಣೆಗಳ ಪತ್ರಾಗಾರಗಳಿಗೆ ಬರೆಯಬೇಕಾಗುತ್ತದೆ. ಎಷ್ಟೋ ಸಲ ಹುಟ್ಟಿದ ಊರೇ ಅಚ್ಚರಿಯದಾಗಿರುತ್ತದೆ: ಮುಂಬೈಯ ಕಾಮಾ ಆಸ್ಪತ್ರೆಯಲ್ಲಿ ಹೆಸರು ಮಾಡಿ 1966ರಲ್ಲಿ ಪದ್ಮಶ್ರೀ ಪಡೆದ ಬೆನೆ ಇಸ್ರೇಲ್ ವೈದ್ಯೆ ಡಾ. ಜೆರುಶಾ ಝಿರಾಡ್ ಅವರು 1890ರಲ್ಲಿ ಹುಟ್ಟಿದ್ದು ಶಿವಮೊಗ್ಗದಲ್ಲಿ.

ಬರೆಯಲು ಕುಳಿತಾಗ ಪದಗಳ ಬಗ್ಗೆ ಎಚ್ಚರವಿರಲಿ. ಲಿಂಗೈಕ್ಯ, ಕೈಲಾಸವಾಸಿ, ವೈಕುಂಠವಾಸಿ ಎಂಬವು ನಮಗೆ ಕೈಗೆ ಬಂದಂತೆ ಬಂದುಬಿಡುತ್ತವೆ, ಆದರೆ ಅವು ಬೇರೆ ಶ್ರದ್ಧೆಗಳ ಮಾತು. 'ತೀರಿಕೊಂಡರು' ಎಂದು ಬರೆದು, ಯೆಹೂದಿಗಳು ಹೇಳುವ 'ಅವರ ನೆನಪು ಆಶೀರ್ವಾದವಾಗಿರಲಿ' ಎಂಬುದನ್ನು ಸೇರಿಸಿದರೆ ಸಾಕು. ಭಾವಚಿತ್ರಕ್ಕೆ ಹಾರ, ಕುಂಕುಮ ಬೇಡ. ಹೊಗಳಿಕೆಯನ್ನು ಕಡಿಮೆ ಮಾಡಿ, ಕಂಡದ್ದನ್ನು ಹೆಚ್ಚು ಮಾಡಿ. ಯಾರಿಂದ ಕೇಳಿದಿರಿ ಎಂಬುದನ್ನು ಪ್ರತಿ ಸಂಗತಿಯ ಪಕ್ಕದಲ್ಲಿ ನಮೂದಿಸಿ. ಕಾಯಿಲೆ, ಸಾಲ, ಮನೆಯ ಜಗಳಗಳನ್ನು ಕುಟುಂಬ ಒಪ್ಪದ ಹೊರತು ಬರೆಯಬೇಡಿ.

ಕರಡನ್ನು ಮಕ್ಕಳಿಗೋ ಮೊಮ್ಮಕ್ಕಳಿಗೋ ಕಳಿಸಿ. ಅವರಲ್ಲಿ ಅನೇಕರು ಕನ್ನಡ ಓದಲಾರರು, ಆದ್ದರಿಂದ ಮರಾಠಿ ಇಲ್ಲವೆ ಇಂಗ್ಲಿಷ್ ಪ್ರತಿಯೊಂದನ್ನು ಜೊತೆಗಿಡಿ, ಅದು ಹೀಬ್ರೂ ದಿನದ ಪ್ರಕಾರ ಬರುವ ವಾರ್ಷಿಕ ಸ್ಮರಣೆಗೆ ಒಂದು ತಿಂಗಳು ಮೊದಲೇ ತಲುಪಲಿ. ಅವರು ತಿದ್ದಿ ಕಳಿಸಿದ ಮೇಲೆ ಒಂದು ಪ್ರತಿ ಕುಟುಂಬಕ್ಕೆ, ಒಂದು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ, ಒಂದು ನಿಮ್ಮ ಬಳಿ. ಎಲ್ಲ ಪ್ರತಿಗಳ ಕೊನೆಯಲ್ಲಿ ಎರಡು ಹಾಳೆಗಳನ್ನು ಖಾಲಿ ಬಿಡಿ. ನಾನು ಬರೆದ ನರ್ಸ್ ಬಾಯಿಯವರ ಪುಸ್ತಿಕೆಯ ಆ ಹಾಳೆಗಳಲ್ಲಿ ಈಗ ನಾಲ್ಕು ಜನರ ಕೈಬರಹವಿದೆ. ಮೊದಲನೆಯದು ಅವರ ಮಗಳದು, ತಾಯಿಯ ಹೀಬ್ರೂ ಹೆಸರು.