ಕಂಬದ ಮೇಲಿನ ಬಾವುಟ ತೆಗೆಸುವುದು ಹೇಗೆ?

ಸಂಕ್ರಾಂತಿ ಬಂದರೂ ಬೆಂಗಳೂರಿನ ಎಷ್ಟೋ ಕಂಬಗಳಲ್ಲಿ ನವೆಂಬರಿನ ರಾಜ್ಯೋತ್ಸವದ ಬಾವುಟ ಚಿಂದಿಯಾಗಿ ನೇತಾಡುತ್ತಿರುತ್ತದೆ. ಪಕ್ಕದಲ್ಲೇ ಯಾವುದೋ ಪಕ್ಷದ್ದು, ಜಾತ್ರೆಯದ್ದು. ತೆಗೆಸಲು ಹೊರಟವರು ಒಂದೋ ತಾವೇ ಏಣಿ ಹಾಕಿ ಹತ್ತುತ್ತಾರೆ, ಇಲ್ಲಾ ಫೋಟೊ ಹಾಕಿ ‘ಕೇಳೋರೇ ಇಲ್ವಾ’ ಎಂದು ಬರೆದು ಸುಮ್ಮನಾಗುತ್ತಾರೆ. ಎರಡೂ ಬೇಡ.

ಅನುಮತಿ ಇಲ್ಲದೆ ಕಟ್ಟಿದ ಪ್ರಚಾರದ ಬಾವುಟ, ಬಂಟಿಂಗ್ಸ್ ಕಂಡರೆ ಪಾಲಿಕೆಯವರು ಮೊರೆ ಹೋಗುವುದು ಸಾರ್ವಜನಿಕ ಸ್ಥಳ ಅಂದಗೆಡಿಸುವುದನ್ನು ತಡೆಯುವ 1981ರ ರಾಜ್ಯ ಕಾಯ್ದೆಗೆ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಫ್ಲೆಕ್ಸ್‌ಗಳನ್ನು ರಾಶಿರಾಶಿ ತೆಗೆದರಲ್ಲ, ಅದೇ ಅಧಿಕಾರ ಇಲ್ಲಿಯೂ ಇದೆ.

ಕೆಲಸ ಕೆಡುವುದು ಕಂಬ ಯಾರದ್ದು ಎನ್ನುವಲ್ಲಿ. ಬರೀ ಬೀದಿದೀಪಕ್ಕೆಂದು ನಿಲ್ಲಿಸಿದ ಕಂಬವಾದರೆ ಪಾಲಿಕೆಗೆ, ಅಂದರೆ 1533ಕ್ಕೆ ಹೇಳಿ. ಮನೆಗಳಿಗೆ ಕರೆಂಟ್ ಹೋಗುವ ತಂತಿ ಇದ್ದರೆ ಬೆಸ್ಕಾಂನ 1912. ಒಂದೇ ಕಂಬದಲ್ಲಿ ದೀಪವೂ ತಂತಿಯೂ ಇದ್ದರೆ ಇಬ್ಬರಿಗೂ ದೂರು ಕೊಡಿ. ಇಲ್ಲದಿದ್ದರೆ ‘ಅದು ನಮ್ಮದಲ್ಲ’ ಎಂದು ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಕಂಬದ ಮೇಲೆ ಬಣ್ಣದಲ್ಲಿ ಬರೆದ ನಂಬರ್ ಇದ್ದರೆ ಅದನ್ನೇ ಮೊದಲು ಹೇಳಿ. ನಂಬರ್ ಅಳಿಸಿಹೋಗಿದ್ದರೆ ಎದುರಿನ ಅಂಗಡಿಯ ಹೆಸರು, ಅಡ್ಡರಸ್ತೆ. ‘ಮೇನ್ ರೋಡ್ ಹತ್ತಿರ’ ಎಂದರೆ ಲೈನ್‌ಮ್ಯಾನ್ ಬಂದು ಹುಡುಕಿ ವಾಪಸ್ ಹೋಗುತ್ತಾರೆ. ಎರಡು ಫೋಟೊ ಬೇಕು: ದೂರದಿಂದ ಇಡೀ ಕಂಬ, ಹತ್ತಿರದಿಂದ ಕಟ್ಟು. ಬಿದಿರ ಕೋಲು ತಂತಿಗೆ ತಾಗುತ್ತಿದ್ದರೆ ‘ಅಪಾಯ’ ಎಂದೇ ದೂರಿನಲ್ಲಿ ಬರೆಯಿರಿ. ಒದ್ದೆ ಬಿದಿರಿನಲ್ಲೂ ಕರೆಂಟ್ ಹರಿಯುತ್ತದೆ. ಕಬ್ಬಿಣದ ಬೈಂಡಿಂಗ್ ತಂತಿ ಸುತ್ತಿದ್ದರಂತೂ ಕೆಳಗಿನಿಂದ ಎಳೆಯಲೇಬೇಡಿ. ಎಳೆದ ರಭಸಕ್ಕೆ ತುದಿ ಮೇಲಿನ ತಂತಿಗೆ ಸಿಕ್ಕಿಕೊಳ್ಳುತ್ತದೆ.

ದೂರು ಕೊಟ್ಟಾಗ ಸಿಗುವ ನಂಬರ್ ಬರೆದಿಟ್ಟುಕೊಳ್ಳಿ. ಚುನಾವಣೆ ಘೋಷಣೆಯಾಗಿದ್ದರೆ ಕೆಲಸ ಸುಲಭ: ಕಂಬದಂಥ ಸಾರ್ವಜನಿಕ ಆಸ್ತಿಯಲ್ಲಿರುವ ಪಕ್ಷದ ಬಾವುಟವನ್ನು 48 ಗಂಟೆಯೊಳಗೆ ತೆಗೆಯಬೇಕು ಎನ್ನುತ್ತದೆ ನೀತಿಸಂಹಿತೆ.

ತೆಗೆಯುವಾಗ ಎದುರಿಗಿದ್ದರೆ ದಾರವನ್ನೂ ಪೂರ್ತಿ ಬಿಚ್ಚಿಸಿ. ಬಟ್ಟೆ ಮಾತ್ರ ಕಿತ್ತರೆ ನೈಲಾನ್ ತುಂಡು ವರ್ಷಗಟ್ಟಲೆ ಅಲ್ಲೇ ಉಳಿದು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ನನ್ನನ್ನು ಕೇಳಿದರೆ, ನೈಲಾನ್ ದಾರದ ತೆಳು ಪ್ಲಾಸ್ಟಿಕ್ ಬಾವುಟ ಕೊಳ್ಳಲೇಬಾರದು. ಹತ್ತಿ ಬಟ್ಟೆ, ಹತ್ತಿ ದಾರ ಸಾಕು.

ತ್ರಿವರ್ಣ ಧ್ವಜವಿದ್ದರೆ ದೂರಿನಲ್ಲೇ ಆ ವಿಷಯ ತಿಳಿಸಿ. ಹರಿದ ರಾಷ್ಟ್ರಧ್ವಜವನ್ನು ಕಸದ ಗಾಡಿಗೆ ಎಸೆಯುವಂತಿಲ್ಲ. ಜನರ ಕಣ್ಣಿಗೆ ಬೀಳದ ಕಡೆ, ಇಡಿಯಾಗಿ, ಗೌರವದಿಂದ, ಸಾಧ್ಯವಾದರೆ ಸುಟ್ಟು ವಿಲೇವಾರಿ ಮಾಡಬೇಕು ಎನ್ನುತ್ತದೆ 2002ರ ಧ್ವಜ ಸಂಹಿತೆ. ಕನ್ನಡ ಬಾವುಟಕ್ಕೂ ಅದೇ ಮರ್ಯಾದೆ ಸಲ್ಲಬೇಕು. ಕಟ್ಟಿದ ಸಂಘದ ಹುಡುಗರ ಪರಿಚಯವಿದ್ದರೆ ಬಿಚ್ಚಿದ ಬಾವುಟವನ್ನು ಮಡಚಿ ಅವರ ಕೈಗೇ ಕೊಡಿಸಿ. ಜಗಳವೂ ತಪ್ಪುತ್ತದೆ.

ಬಾವುಟ ಅಲ್ಲೇ ಇದ್ದರೂ ‘ದೂರು ಪರಿಹರಿಸಲಾಗಿದೆ’ ಎಂದು ಮೆಸೇಜ್ ಬಂದರೆ ಬಿಡಬೇಡಿ. ಅವತ್ತಿನ ಹೊಸ ಫೋಟೊ, ಹಳೇ ದೂರಿನ ನಂಬರ್ ಎರಡನ್ನೂ ಹಿಡಿದು ವಾರ್ಡ್ ಎಂಜಿನಿಯರ್ ಕಚೇರಿಗೇ ಹೋಗಿ.