ಒಂಟೆಯ ಹಲ್ಲು ಕಂದಾಗಿದೆಯೇ? ಮೊದಲು ನೀರು ನೋಡಿ

ನವಿ ಮುಂಬೈ ಆಚೆಗಿನ ಒಂದು ಪಾಂಜರಪೋಳಕ್ಕೆ, ಅಂದರೆ ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಆಶ್ರಯಕ್ಕೆ, ನಮ್ಮ ಕನ್ನಡ ಹುಡುಗರು ಭಾನುವಾರ ಸೇವೆಗೆ ಹೋಗುತ್ತಾರೆ. ಅಲ್ಲಿ ರಾಜಸ್ಥಾನದ ಕಡೆಯಿಂದ ಬಂದ ಒಂಟೆಗಳಿವೆ. ಹೋದ ವರ್ಷ ನಾನು ಹೋದಾಗ ಒಬ್ಬ ಹುಡುಗ ಟೂತ್‌ಪೇಸ್ಟ್ ಹಚ್ಚಿ ಒಂಟೆಯ ಹಲ್ಲು ತಿಕ್ಕುತ್ತಿದ್ದ. ಇನ್ನೊಬ್ಬಳು ಹೆಸರಿಲ್ಲದ ಚೀಲದಿಂದ ಮಿನರಲ್ ಪೌಡರ್ ತೆಗೆದು ಮೇವಿಗೆ ಸುರಿಯುತ್ತಿದ್ದಳು. ಇಬ್ಬರದೂ ಒಳ್ಳೆಯ ಮನಸ್ಸು. ಆದರೆ ಎರಡೂ ತಪ್ಪು ಕೆಲಸ.

ಮೂವತ್ತು ವರ್ಷ ದನದ ಡಾಕ್ಟರ್ ಆಗಿದ್ದವನು ನಾನು. ಊರು ಮುಂಡರಗಿ ಕಡೆ. ಅಲ್ಲಿ ಮನುಷ್ಯರ ಹಲ್ಲಿನಲ್ಲೇ ಈ ಕಂದು ಪಟ್ಟೆ ನೋಡಿ ಬೆಳೆದೆ. ಅದು ಕೊಳೆಯಲ್ಲ, ಬೋರ್‌ವೆಲ್ ನೀರಿನ ಫ್ಲೋರೈಡ್. ರಾಜಸ್ಥಾನದ ಎಷ್ಟೋ ಊರುಗಳ ನೀರಿನಲ್ಲೂ ಇದು ಜಾಸ್ತಿ. ಒಂಟೆಗೆ ಈ ತೊಂದರೆ ಇದೆಯೇ ಎಂದು ನೋಡುವುದು ಹೇಗೆ, ಆಮೇಲೆ ಏನು ಮಾಡಬೇಕು ಎಂದು ಹೇಳುತ್ತೇನೆ.

ಮೊದಲನೆಯದು, ಹಲ್ಲು ನೋಡುವುದು. ಹೆಚ್ಚಿನವರು ಎಡವುವುದು ಇಲ್ಲೇ.

ಒಂಟೆಯನ್ನು ಅದರ ಪರಿಚಯದವರೇ ಕೂರಿಸಲಿ. ಮುಂಗಾಲಿನ ಮಂಡಿಗೆ ಹಗ್ಗ ಬಿಗಿಯಲಿ. ನೀವು ಎದುರಿಗೆ ನಿಲ್ಲಬೇಡಿ, ಕೆನ್ನೆಯ ಪಕ್ಕಕ್ಕೆ ನಿಲ್ಲಿ. ಚಳಿಗಾಲದಲ್ಲಿ ಮದವೇರಿದ ಗಂಡು ಒಂಟೆಯ ಬಾಯಿ ಮುಟ್ಟಲೇಬೇಡಿ. ಕೆಳತುಟಿಯನ್ನು ಹೆಬ್ಬೆರಳಿನಿಂದ ಕೆಳಗೆ ಎಳೆದರೆ ಮುಂದಿನ ಹಲ್ಲು ಕಾಣುತ್ತವೆ. ಬೆರಳು ಹಲ್ಲಿನ ನಡುವೆ ಹೋಗಬಾರದು. ಬೆಳಗಿನ ಬೆಳಕಿನಲ್ಲಿ ನೋಡಿ, ಟ್ಯೂಬ್‌ಲೈಟ್ ಕೆಳಗೆ ಎಲ್ಲ ಹಲ್ಲೂ ಹಳದಿಯೇ.

ಈಗ ಒದ್ದೆ ಬಟ್ಟೆಯಿಂದ ಒರೆಸಿ, ಉಗುರಿನಿಂದ ಕೆರೆಯಿರಿ. ಜಾಲಿ ಸೊಪ್ಪಿನ ಕರೆ, ಹಲ್ಲಿನ ಪಾಚಿ ಅಷ್ಟಿಷ್ಟಾದರೂ ಕಿತ್ತು ಬರುತ್ತದೆ. ಅದು ಒಂದು ಹಲ್ಲಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಇರುತ್ತದೆ. ಫ್ಲೋರೈಡ್ ಕಲೆ ಏನು ಮಾಡಿದರೂ ಬರುವುದಿಲ್ಲ, ಅದು ಹಲ್ಲಿನ ಒಳಗೇ ಕೂತಿರುತ್ತದೆ. ಎಡಕ್ಕೆ ಇದ್ದ ಹಾಗೇ ಬಲಕ್ಕೂ ಇರುತ್ತದೆ. ಅಡ್ಡಡ್ಡ ಕಂದು ಪಟ್ಟೆ, ನಡುವೆ ಸುಣ್ಣ ಬಳಿದ ಹಾಗೆ ಹೊಳಪಿಲ್ಲದ ಬಿಳುಪು. ಪಾಂಜರಪೋಳದ ಆ ಒಂಟೆಗೆ ಹೀಗೇ ಇತ್ತು. ಹುಡುಗನ ಬ್ರಷ್ ಸವೆದಿತ್ತು, ಕಲೆ ಹಾಗೇ ಇತ್ತು.

ಒಂದು ವಿಷಯ ನೆನಪಿಡಿ. ಕಲೆ ಬೀಳುವುದು ಹಲ್ಲು ದವಡೆಯೊಳಗೆ ಬೆಳೆಯುವಾಗ ಮಾತ್ರ. ಒಂಟೆಗೆ ಮುಂದಿನ ಶಾಶ್ವತ ಹಲ್ಲು ಹುಟ್ಟುವುದು ಸುಮಾರು 5ರಿಂದ 7 ವರ್ಷದಲ್ಲಿ. ಹಾಗಾಗಿ ಹಲ್ಲು ಹೇಳುವುದು ಮರಿಯಾಗಿದ್ದಾಗ ಕುಡಿದ ನೀರಿನ ಕಥೆ, ಈಗಿನದ್ದಲ್ಲ. ಹಲ್ಲು ಬೆಳ್ಳಗಿದ್ದರೂ ದೊಡ್ಡದಾದ ಮೇಲೆ ಕುಡಿದ ಫ್ಲೋರೈಡ್ ಮೂಳೆಯಲ್ಲಿ ಸೇರಿರಬಹುದು.

ಅದಕ್ಕೇ ನಡಿಗೆಯನ್ನೂ ನೋಡಿ. ಏಳುವಾಗ ಕಷ್ಟಪಡುತ್ತದೆಯೇ, ಕೂರಲು ಹಿಂಜರಿಯುತ್ತದೆಯೇ, ಗಂಟು ಬಿಗಿದ ಹಾಗೆ ಹೆಜ್ಜೆ ಇಡುತ್ತದೆಯೇ? ಕೆಳದವಡೆಯ ಅಂಚು, ಪಕ್ಕೆಲುಬು, ಮುಂಗಾಲಿನ ಮೂಳೆ ಸವರಿದರೆ ಗಡ್ಡೆ ಸಿಗಬಹುದು. ಪಾದಕ್ಕೆ ಮೊಳೆ ಚುಚ್ಚಿದ್ದರೂ ಕುಂಟುತ್ತದೆ, ಮೊದಲು ಅಂಗಾಲು ನೋಡಿ. ಬಡಕಲಾಗಿದ್ದರೆ ರಕ್ತ ಪರೀಕ್ಷೆಯನ್ನೂ ಮಾಡಿಸಿ. ಕಚ್ಚುವ ನೊಣಗಳಿಂದ ಹರಡುವ ಸರ್ರಾ ಎಂಬ ರಕ್ತದ ರೋಗದಲ್ಲೂ ಒಂಟೆ ಸೊರಗುತ್ತದೆ. ಈಗಲೂ ಫ್ಲೋರೈಡ್ ಒಳಗೆ ಹೋಗುತ್ತಿದೆಯೇ ಎಂದು ತಿಳಿಯಲು ಮೂತ್ರ ಪರೀಕ್ಷೆ ನೆರವಾಗುತ್ತದೆ. ಇದನ್ನು ಪಶುವೈದ್ಯರಿಗೆ ಬಿಡಿ.

ಎರಡನೆಯದು ನೀರು. ಮುಂಬೈ ಪಾಲಿಕೆಯ ನೀರು ತಾನ್ಸಾ, ವೈತರಣಾ, ಭಾತ್ಸಾದಂಥ ಜಲಾಶಯಗಳಿಂದ ಬರುತ್ತದೆ, ಅಲ್ಲಿ ಈ ಚಿಂತೆ ಕಡಿಮೆ. ಊರಾಚೆ ಬೋರ್‌ವೆಲ್, ಟ್ಯಾಂಕರ್ ಇದ್ದರೆ ಪರೀಕ್ಷೆ ಮಾಡಿಸಲೇಬೇಕು. ಮಾದರಿಯನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ತೆಗೆಯಿರಿ. ಗಾಜು ಬೇಡ, ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ. ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಇಲ್ಲದಿದ್ದರೆ 1.5. ಜಾನುವಾರಿಗೆ ಸಾಮಾನ್ಯವಾಗಿ 2 ಎನ್ನುತ್ತಾರೆ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 40 ಲೀಟರ್ ಕುಡಿದರೆ 120 ಮಿಲಿಗ್ರಾಂ ಒಳಗೆ ಹೋಯಿತು, ಅಲ್ವಾ?

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್‌ನಿಂದಲೂ ಪ್ರಯೋಜನವಿಲ್ಲ. ಪಟಿಕ-ಸುಣ್ಣ ಹಾಕುವ ನಲಗೊಂಡ ವಿಧಾನ ಇದೆ. ಆದರೆ ನೀರಿನ ಪರೀಕ್ಷೆ ನೋಡಿಯೇ ಅಳತೆ ಹಾಕಬೇಕು, ಕಣ್ಣಂದಾಜಿನಲ್ಲಿ ಬೇಡ. ನನ್ನ ಮಾತು ಕೇಳುವುದಾದರೆ ಬೇರೆ ನೀರು ತನ್ನಿ, ಇಲ್ಲವೇ ಮಳೆನೀರು ಹಿಡಿದಿಟ್ಟು ಬೆರೆಸಿ. ಕೊಂಕಣದ ಮಳೆ ಕಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಮೂರನೆಯದು ಮಿನರಲ್. ನೀರು ಸರಿಮಾಡದೆ ಇದಕ್ಕೆ ಕೈ ಹಾಕಬೇಡಿ. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಫ್ಲೋರೈಡನ್ನು ಹಿಡಿದು, ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಅಳತೆ ವೈದ್ಯರು ಹೇಳಲಿ. ಆದರೆ ಚೀಲ ನೋಡಿ ಕೊಳ್ಳಿ. ಅಗ್ಗದ ಪೌಡರ್‌ಗೆ ಕೆಲವರು ಫ್ಲೋರೈಡ್ ತೆಗೆಯದ ರಾಕ್ ಫಾಸ್ಫೇಟ್ (ಫಾಸ್ಫೇಟ್ ಕಲ್ಲಿನ ಪುಡಿ) ಬೆರೆಸುತ್ತಾರೆ. ಅಂದರೆ ಯಾವುದು ಬೇಡವೋ ಅದನ್ನೇ ಕೈಯಾರೆ ತಿನ್ನಿಸಿದ ಹಾಗೆ. ಫ್ಲೋರಿನ್ (ಫ್ಲೋರೈಡಿನ ಮೂಲಧಾತು) ಎಷ್ಟಿದೆ ಎಂದು ಅಚ್ಚು ಹಾಕಿರದ ಚೀಲವನ್ನು ವಾಪಸ್ ಕೊಡಿ. ಗೊಬ್ಬರದಂಗಡಿಯ ಸೂಪರ್‌ಫಾಸ್ಫೇಟ್ ಅಂತೂ ಮೇವಿನ ಹತ್ತಿರವೂ ಬರಬಾರದು.

ಉಪ್ಪು ಮರೆಯಬೇಡಿ. ಒಂಟೆಗೆ ದನಕ್ಕಿಂತ ಹಲವು ಪಟ್ಟು ಉಪ್ಪು ಬೇಕು. ದಿನಕ್ಕೆ 50 ಗ್ರಾಂ ಸುತ್ತಮುತ್ತ ಕೊಡುವುದು ರೂಢಿ. ಉಪ್ಪು ಸಾಲದಿದ್ದರೆ ಚರ್ಮ ಹುಣ್ಣಾಗುತ್ತದೆ. ಪಕ್ಕದಲ್ಲಿ ಕುಡಿಯುವ ನೀರು ಯಾವಾಗಲೂ ಇರಲಿ.

ಇನ್ನೊಂದು ಮಾತು, ಫ್ಲೋರೈಡಿಗೆ ಸಂಬಂಧವಿಲ್ಲದಿದ್ದರೂ ಹೇಳಲೇಬೇಕು. ಉಳಿದಿದೆ ಎಂದು ಕೋಳಿ ಫೀಡ್ ಹಾಕಬೇಡಿ. ಅದರಲ್ಲಿರುವ ಸಾಲಿನೋಮೈಸಿನ್, ಮೊನೆನ್ಸಿನ್‌ನಂಥ ಔಷಧಿ ಕೋಳಿಗೆ ಸರಿ, ಒಂಟೆಗೆ ಪ್ರಾಣಕ್ಕೇ ಬರುತ್ತದೆ.

ಕಲೆಯಾದ ಹಲ್ಲು ಮತ್ತೆ ಬೆಳ್ಳಗಾಗುವುದಿಲ್ಲ. ಮೂಳೆಯೊಳಗಿನದು ಒಳ್ಳೆಯ ನೀರು ಸಿಕ್ಕರೆ ನಿಧಾನವಾಗಿ ಕಡಿಮೆಯಾಗುತ್ತದೆ, ತಿಂಗಳು ವರ್ಷಗಳ ಲೆಕ್ಕದಲ್ಲಿ. ಸವೆದ ಹಲ್ಲಿನ ಒಂಟೆಗೆ ಒಣ ಕಡ್ಡಿ ಹಾಕದೆ, ಮೇವನ್ನು ಸಣ್ಣಗೆ ಕತ್ತರಿಸಿ ನೆನೆಸಿ ಕೊಡಿ. ಮರಿಗಳಿದ್ದರೆ ಒಳ್ಳೆಯ ನೀರಿನ ಮೊದಲ ಬಾನಿ ಅವಕ್ಕೇ ಇಡಿ. ಅವುಗಳ ಹಲ್ಲು ಇನ್ನೂ ದವಡೆಯೊಳಗೇ ಇದೆ.